ಅಕ್ಕೋರು ಮತ್ತು ಅವರ ಇಂಗ್ಲಿಷ್ ಬ್ಯಾಂಡು

ನಮ್ಮ ಆಫೀಸಿಗೆ ಹೊಸದಾಗಿ ಬಂದ ಕಂಪ್ಯೂಟರ್ ಆಪರೇಟರ್ ಹುಡುಗಿ ಮೊನ್ನೆ ಊಟದ ಬಿಡುವಿನಲ್ಲಿ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಪ್ಪು ಕೋಟು ಹಾಕಿದ ನಾಲ್ಕು ಜನ ಇಂಗ್ಲಿಷರ ಫೋಟೋ. ಇಬ್ಬರ ತಲೆಯಲ್ಲಿ ಕೂದಲಿಲ್ಲ, ಒಬ್ಬನಿಗೆ ಚೆನ್ನಾಗಿಯೇ ಹೊಟ್ಟೆ ಬಂದಿದೆ. ನಾನು ಟೈಪು ಮಾಡುವಾಗ ಯಾವಾಗಲೂ ಗುನುಗುವ ಹಾಡು ಯಾರದ್ದೆಂದು ಹಿಂದೊಮ್ಮೆ ಕೇಳಿದ್ದಳು, ಹೇಳಿದ್ದೆ. ಈಗ ಹುಡುಕಿ ತೆಗೆದಿದ್ದಾಳೆ.

"ಹೊಸ ಆಲ್ಬಂ ಬಿಟ್ಟಿದ್ದಾರಂತೆ ಸರ್. ಈ ಅಜ್ಜಂದಿರು ಯಾಕೆ ಇನ್ನೂ ನಿಲ್ಲಿಸಿಲ್ಲ?"

ಕೇಳಿದ್ದು ನಗುತ್ತಲೇ. ನಾನು ಮಾತ್ರ ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದೆ. ಆ ಬ್ಯಾಂಡಿನವರು ಯಾರೋ, ನಾನು ಯಾರೋ. ಅವರ ಪರವಾಗಿ ಸಿಟ್ಟು ಮಾಡಿಕೊಳ್ಳಬೇಕಾದ ದರ್ದು ನನಗಿಲ್ಲ. ಆದರೆ ಇದೇ ಪ್ರಶ್ನೆಗೆ ಇಪ್ಪತ್ತು ವರ್ಷ ಉತ್ತರ ಕೊಡುತ್ತ ಬದುಕಿದ ಒಬ್ಬ ಹೆಂಗಸು ನಮ್ಮ ಶಿರಸಿಯಲ್ಲಿದ್ದರು. ಅವರು ತೀರಿಕೊಂಡು ಮೂರು ತಿಂಗಳಾಗಿದೆ. ಅವರಿದ್ದಿದ್ದರೆ ಈ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಉತ್ತರ ಕೊಡುತ್ತಿದ್ದರು. ಈಗ ಆ ಕೆಲಸ ನನ್ನ ತಲೆಗೆ ಬಂದಿದೆ.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುವ ಜಾತಿ ಅವರದು. ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಬಟ್ಟೆ ಅಂಗಡಿಯ ಅಟ್ಟದ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಒಂಬತ್ತು ಮಷಿನ್ನು, ಒಂದು ಬೆಂಚು, ಒಂದು ಗೋಡೆ ಗಡಿಯಾರ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಪುರಸೊತ್ತು ಆಜಿಲ್ಲೆ" ಎಂದು ಹೇಳಿ ರಿಬ್ಬನ್ ಬದಲಿಸಲು ಹೋಗುತ್ತಿದ್ದರು. ಕೈಗಡಿಯಾರವನ್ನು ಮುಂಗೈಯ ಒಳಮೈಗೆ ಕಟ್ಟುತ್ತಿದ್ದರು. ತರಗತಿ ನಡೆಯುವಷ್ಟು ಹೊತ್ತೂ ಕೂರುತ್ತಿರಲಿಲ್ಲ. ನಮ್ಮ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದರು. ಯಾರಾದರೂ ಕೀಲಿಯ ಮೇಲೆ ಕಣ್ಣು ಹಾಕಿದರೆ ಎರಡೂ ಕೈಗಳ ಮೇಲೆ ಒಂದು ಟವೆಲು ಬಂದು ಬೀಳುತ್ತಿತ್ತು.

ಅವರಲ್ಲಿ ರಬ್ಬರಿಗೆ ಪ್ರವೇಶವಿರಲಿಲ್ಲ. ತಪ್ಪು ಹೊಡೆದರೆ ಅಳಿಸುವ ಹಾಗಿಲ್ಲ, ಅದರ ಮೇಲೆ ಇನ್ನೊಂದು ಅಕ್ಷರ ಕುಟ್ಟುವ ಹಾಗೂ ಇಲ್ಲ. ಪರೀಕ್ಷೆಯ ನಿಯಮವೇ ಹಾಗಿತ್ತು ನಿಜ, ಆದರೆ ಅಕ್ಕೋರು ಅದನ್ನು ಪರೀಕ್ಷೆಗಾಗಿ ಹೇಳುತ್ತಿದ್ದಂತೆ ನನಗೆ ಯಾವತ್ತೂ ಅನಿಸಲಿಲ್ಲ. "ತಪ್ಪು ಹಾಳೆ ಮೇಲೆ ಇರ್ಲಿ, ಕೈ ಮುಂದೆ ಹೋಗ್ಲಿ" ಎನ್ನುತ್ತಿದ್ದರು. ಹಾಳೆ ಮುಗಿದ ಮೇಲೆ ಆ ತಪ್ಪಿಗೆ ಕೆಂಪು ಸುತ್ತು ಬೀಳುತ್ತಿತ್ತು.

ಇನ್ನು ಹಾಡಿನ ವಿಷಯ. ಬೇರೆ ಇನ್‌ಸ್ಟಿಟ್ಯೂಟುಗಳಲ್ಲಿ ಬೆರಳಿಗೆ ತಾಳ ಕೂರಿಸಲು ಮೇಜಿನ ಮೇಲೆ ರೂಲುದೊಣ್ಣೆ ಕುಟ್ಟುತ್ತಿದ್ದರು. ಅಕ್ಕೋರೂ ಮೊದಲು ಕುಟ್ಟುತ್ತಿದ್ದರಂತೆ. ಮುಂಬಯಿಯಲ್ಲಿದ್ದ ಅವರ ಅಣ್ಣ ಒಂದು ಸಲ ಊರಿಗೆ ಬರುವಾಗ ಒಂದು ಇಂಗ್ಲಿಷ್ ಕ್ಯಾಸೆಟ್ಟು ತಂದುಕೊಟ್ಟರು. ಸಿನಿಮಾದಲ್ಲಿ ಹೊಸ ಅಲೆ ಎನ್ನುತ್ತಿದ್ದರಲ್ಲ, ಹಾಡಿನಲ್ಲೂ ಅಂಥದ್ದೊಂದು ಅಲೆ ಆಗ ಎದ್ದಿತ್ತಂತೆ, ನ್ಯೂ ವೇವ್. ಕಣ್ಣೀರು ಸುರಿಸದ ದನಿ, ಕೀಬೋರ್ಡು, ಮತ್ತು ಮಷಿನ್ನೇ ಬಾರಿಸುವ ಡ್ರಮ್ಮು. ಆ ಡ್ರಮ್ಮು ಒಂದು ಏಟೂ ಹಿಂದೆ ಮುಂದೆ ಆಗುವುದಿಲ್ಲ. ಅಕ್ಕೋರು ಒಂದೇ ಸಲ ಕೇಳಿದವರು ರೂಲುದೊಣ್ಣೆಯನ್ನು ಮೂಲೆಗೆ ಹಾಕಿದರು. ಮರುವಾರದಿಂದ ಶಿರಸಿಯ ಒಂಬತ್ತು ಟೈಪ್‌ರೈಟರುಗಳು ಇಂಗ್ಲೆಂಡಿನ ಡ್ರಮ್ಮಿಗೆ ಸರಿಯಾಗಿ ಬಡಿಯತೊಡಗಿದವು.

ಒಬ್ಬ ಹುಡುಗಿಯ ಅಪ್ಪ ಹೆಗಲ ಮೇಲೆ ಶಾಲು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದದ್ದನ್ನು ನಾನೇ ನೋಡಿದ್ದೇನೆ.

"ಅಕ್ಕೋರೇ, ಹೆಣ್ಣುಮಕ್ಕ ಕಲಿಯೋ ಜಾಗದಲ್ಲಿ ಕುಣಿತದ ಹಾಡು ಹಾಕ್ತ್ರಡ?"

"ಹೌದು, ಹಾಕ್ತೆ. ಬನ್ನಿ, ಕೂತ್ಕಳಿ."

ಮಷಿನ್ನಿನ ಮುಂದೆ ಕೂರಿಸಿ ಕ್ಯಾಸೆಟ್ಟು ಹಾಕಿದರು. ಏಟಿಗೊಂದು ಅಕ್ಷರ ಹೊಡೆಯಬೇಕು, ಅಷ್ಟೇ. ಮಹಾಶಯರು ಹಾಡು ಮುಗಿಯುವವರೆಗೆ ಬೆವರಿದರು. ಹಾಳೆ ತೆಗೆದು ನೋಡಿದರೆ ಅಲ್ಲಿ ಯಾವ ಭಾಷೆಯೂ ಇರಲಿಲ್ಲ. "ಕುಣಿಯಕ್ಕೆ ಪುರಸೊತ್ತು ಸಿಕ್ತ?" ಎಂದು ಅಕ್ಕೋರು ಕೇಳಿದರು. ಅವರು ಮಗಳ ಮುಂದಿನ ತಿಂಗಳ ಫೀಸನ್ನೂ ಕೊಟ್ಟು ಇಳಿದುಹೋದರು.

ಅಕ್ಕೋರಿಗೆ ಆ ಬ್ಯಾಂಡಿನ ಹುಚ್ಚು ಹಿಡಿಯಿತು, ಹುಚ್ಚು ಇನ್ನಿಬ್ಬರಿಗೂ ತಗುಲಿತು. ಒಬ್ಬರು ಸಿದ್ದಾಪುರದ ದನದ ಆಸ್ಪತ್ರೆಯ ಕಂಪೌಂಡರು. ಅಣ್ಣನ ಮಗಳನ್ನು ಕ್ಲಾಸಿಗೆ ಬಿಡಲು ಬಂದವರು ಹಾಡು ಕೇಳಿ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದರು. ಬಿಳಗಿ ಕಡೆ ಎಮ್ಮೆಗೆ ಇಂಜೆಕ್ಷನ್ ಚುಚ್ಚುವಾಗ ಇಂಗ್ಲಿಷ್ ಹಾಡು ಹೇಳುವ ಕಂಪೌಂಡರು ಎಂದು ಅವರು ಹೆಸರಾಗಿದ್ದರು. ಇನ್ನೊಬ್ಬ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರು, ಧಾರವಾಡ ಸೀಮೆಯವನು. ಇವರಿಬ್ಬರಿಗೂ ಅಕ್ಕೋರು ಕ್ಯಾಸೆಟ್ಟಿನ ನಕಲು ಮಾಡಿಕೊಟ್ಟಿದ್ದರು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಮೂವರೂ ಇನ್‌ಸ್ಟಿಟ್ಯೂಟಿನಲ್ಲಿ ಸೇರುತ್ತಿದ್ದರು. ನಾನು ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾದ ಮೇಲೆ ಚಹ ತರುವ ನೆಪದಲ್ಲಿ ಸೇರಿಕೊಂಡು ನಾಲ್ಕನೆಯವನಾದೆ.

ಅವರ ಜಗಳ ಕೇಳಬೇಕಿತ್ತು. ಕಂಡಕ್ಟರನಿಗೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳು ಸಿಗುತ್ತಿದ್ದವು. ಗಿಟಾರಿನವನು ಬ್ಯಾಂಡು ಬಿಟ್ಟ ಸುದ್ದಿ ನಮಗೆ ಎರಡು ವರ್ಷ ತಡವಾಗಿ ಬಂದದ್ದು ಹಾಗೆ. ಅವತ್ತು ಕಂಪೌಂಡರು ಸೂತಕದ ಮುಖ ಹಾಕಿಕೊಂಡು ಕೂತಿದ್ದರು.

"ಮುಗತ್ತು. ಇನ್ನು ಆ ಹೆಸರು ಇಟ್ಗಂಡು ಬಾರಿಸದು ಮೋಸ. ನಮ್ಮ ಈ ಒಂದು ಕ್ಯಾಸೆಟ್ಟೇ ಖರೆ, ಮುಂದಿಂದೆಲ್ಲ ಹೊಟ್ಟೆಪಾಡು."

"ಏನರ ಅನ್ರಿ, ನನಗಂತೂ ಎಲ್ಲಾ ಚಲೋ ಅನಸ್ತಾವ್ರಿ" ಎಂದ ಕಂಡಕ್ಟರು. ಮುಂದಿನ ಕ್ಯಾಸೆಟ್ಟು ನಮ್ಮಲ್ಲಿ ಯಾರಿಗೂ ಸಿಕ್ಕಿರಲಿಲ್ಲ, ಆದರೂ ಅವನಿಗೆ ಆ ಬ್ಯಾಂಡು ಕೆಮ್ಮಿದರೂ ಚಲೋ.

ಅಕ್ಕೋರು ಮೂರನೇ ಮಷಿನ್ನಿನ ಕಡೆ ಕೈ ತೋರಿಸಿದರು. "ಕಂಪೌಂಡರೆ, ಇದ್ರ ರೋಲರ್ ಬದಲಾಯ್ದು, ಸ್ಪ್ರಿಂಗ್ ಬದಲಾಯ್ದು, ಅರ್ಧ ಕೀಲಿ ಬೇರೆ ಮಷಿನ್ನಿಂದು. ಇದ್ರ ಮೇಲೆ ಕಲ್ತವು ಪಾಸಾಗ್ತಾ ಇದ್ವಲಿ. ಇದು ಮಷಿನ್ ಅಲ್ದಾ?"

ಕಂಪೌಂಡರು ಸೋಲುವ ಪೈಕಿ ಅಲ್ಲ. ಮುಂದಿನ ತಿಂಗಳು ಹೊಸ ವಾದ ಕಟ್ಟಿಕೊಂಡು ಬಂದರು. ಈ ಬ್ಯಾಂಡು ಇಷ್ಟು ವರ್ಷ ಹೇಗೆ ಉಳಿಯಿತು ಎಂಬ ಚರ್ಚೆಗೆ ಕೊನೆಯೇ ಇರಲಿಲ್ಲ. ಅದರ ಬಗ್ಗೆ ಅಕ್ಕೋರದ್ದು ಒಂದೇ ಮಾತು, ಹತ್ತು ವರ್ಷ ಅದನ್ನೇ ಹೇಳಿದರು.

"ಅವ್ರು ಅವಸರ ಮಾಡ್ದವಲ್ಲ. ಏಟು ನೋಡು, ಎಷ್ಟು ನಿಧಾನ. ದನಿ ನೋಡು, ಎಷ್ಟು ದಪ್ಪ. ಓಡಿದವೆಲ್ಲ ಎರಡು ವರ್ಷಕ್ಕೆ ಕಾಣೆ. ಇವು ಇನ್ನೂ ಇದ್ವಲಿ."

ನಮಗೆಲ್ಲ ಅದು ವೇದವಾಕ್ಯ. ನಿಜಕ್ಕೂ ಆ ಹಾಡುಗಳು ಆನೆ ನಡೆದ ಹಾಗಿದ್ದವು. ಹಾಡುವವನು ನಲವತ್ತು ದಾಟಿದ, ಜೀವನ ಕಂಡ ಗಂಡಸು ಎಂದು ನಾವು ತೀರ್ಮಾನಿಸಿದ್ದೆವು. ನಾನು ಅಕ್ಕೋರ ಮಾತನ್ನು ಬೆರಳಿಗೂ ಇಳಿಸಿಕೊಂಡೆ. ಏಟಿಗೊಂದು ಅಕ್ಷರ, ಒಂದೂ ತಪ್ಪಿಲ್ಲ, ಅವಸರ ಇಲ್ಲವೇ ಇಲ್ಲ.

ಹಾಗಾಗಿ ಹೆಚ್ಚು ವೇಗ ಕೇಳುವ ಸೀನಿಯರ್ ಪರೀಕ್ಷೆಯಲ್ಲಿ ನಪಾಸಾದೆ. ಹೊಡೆದದ್ದರಲ್ಲಿ ತಪ್ಪಿರಲಿಲ್ಲ, ಆದರೆ ಗಂಟೆ ಬಾರಿಸಿದಾಗ ಇನ್ನೂ ಆರೇಳು ಸಾಲು ಉಳಿದಿತ್ತು. ಎರಡನೇ ಸಲವೂ ಹಾಗೇ ಆಯಿತು. ನನ್ನ ಜೊತೆಯವರಲ್ಲಿ ಹಾಡಿಗೆ ಕಿವಿಗೊಡದೆ ತಮ್ಮ ಪಾಡಿಗೆ ಕುಟ್ಟುತ್ತಿದ್ದವರೆಲ್ಲ ಪಾಸಾದರು. ಆಗ ನಾನು ಒಂದು ಸರ್ಕಾರಿ ಆಫೀಸಿನಲ್ಲಿ ತಾತ್ಕಾಲಿಕ ಟೈಪಿಸ್ಟ್. ಮುಂದಿನ ಪರೀಕ್ಷೆಯಲ್ಲಿ ಸೀನಿಯರ್ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸಾಹೇಬರು ಮುಖಕ್ಕೇ ಹೇಳಿದ್ದರು. ಮನೆಯಲ್ಲಿ ಅಪ್ಪ ಇರಲಿಲ್ಲ, ತಂಗಿ ಕಾಲೇಜಿನಲ್ಲಿದ್ದಳು. ಆ ಕೆಲಸ ಹೋದರೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಅಡ್ಡಿಲ್ಲೆ ತಮ್ಮಾ, ಗಾಬರಿ ಬಿದ್ದೆ ನೀನು. ಮತ್ತೆ ಕಟ್ಟು" ಎಂದರು ಅಕ್ಕೋರು.

ಅದರ ಮುಂದಿನ ಭಾನುವಾರವೇ ಕಂಡಕ್ಟರು ಸಿ.ಡಿ. ತಂದದ್ದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯಲ್ಲಿ ಸಿಕ್ಕಿತಂತೆ, ನಮ್ಮ ಅದೇ ಕ್ಯಾಸೆಟ್ಟು ಸಿ.ಡಿ. ರೂಪದಲ್ಲಿ. ಅದನ್ನು ಹಾಕುವ ಯಂತ್ರವನ್ನೂ ಭಾವನ ಮನೆಯಿಂದ ಕೇಳಿ ತಂದಿದ್ದ. ಮದುಮಗಳನ್ನು ಇಳಿಸುವ ಹಾಗೆ ಅದನ್ನು ಮೇಜಿನ ಮೇಲೆ ಇಳಿಸಿ, "ಕೇಳ್ರಿ ಅಕ್ಕೋರ, ಇದರಾಗ ಗರಗರ ಸಪ್ಪಳ ಇರೂದಿಲ್ರಿ" ಎಂದ.

ಹಾಡು ಶುರುವಾಯಿತು. ನಾವು ನಾಲ್ಕೂ ಜನ ಪರಸ್ಪರ ಮುಖ ನೋಡಿದೆವು. ಹಾಡು ಅದೇ, ಆದರೆ ಓಡುತ್ತಿತ್ತು. ದಪ್ಪ ದನಿಯ ಗಂಡಸು ಎಲ್ಲೂ ಇರಲಿಲ್ಲ. ಇಪ್ಪತ್ತೆರಡರ ತೆಳು ದನಿಯ ಹುಡುಗನೊಬ್ಬ ಉಸಿರು ಬಿಡದೆ ಹಾಡುತ್ತಿದ್ದ.

ಕಂಪೌಂಡರು ಎದ್ದು ನಿಂತೇಬಿಟ್ಟರು. "ಇದು ಬೇರೆ! ಈಗಿನವಕ್ಕೆ ಬೇಕು ಹೇಳಿ ಮತ್ತೆ ಹಾಡಿ ಓಡ್ಸಿದ್ದ. ಆನು ಅವತ್ತೇ ಹೇಳಿದ್ನಲಿ, ಮರ್ಯಾದೆ ಬಿಟ್ಟಿದ್ದ ಹೇಳಿ!"

ಕಂಡಕ್ಟರು, "ಇರವಲ್ದಾಕ್ರಿ, ಇದೂ ಚಲೋನ ಐತಲ್ರಿ" ಎಂದ.

ಅಕ್ಕೋರು ಒಳಗಿನ ಕೋಣೆಗೆ ಹೋಗಿ ತಗಡಿನ ಪೆಟ್ಟಿಗೆ ತೆಗೆದರು. ಅದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅಣ್ಣ ತಂದುಕೊಟ್ಟ ಮೂಲ ಕ್ಯಾಸೆಟ್ಟಿತ್ತು. ಟೈಪಿಸ್ಟರ ಬುದ್ಧಿ ನೋಡಿ: ಮೂಲಪ್ರತಿ ಪೆಟ್ಟಿಗೆಗೆ, ನಕಲು ಕೆಲಸಕ್ಕೆ. ಕ್ಯಾಸೆಟ್ಟು ಬಂದ ಸಂಜೆಯೇ ಅವರು ಅದನ್ನು ಒಂದು ಸಲ ಹಾಕಿ, ಹಾಕುತ್ತಲೇ ಇನ್ನೊಂದು ರೆಕಾರ್ಡರಿನಲ್ಲಿ ನಕಲು ತೆಗೆದು, ಮೂಲವನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಹನ್ನೆರಡು ವರ್ಷ ಅದನ್ನು ಮುಟ್ಟಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಕೇಳಿದ್ದು ಆ ನಕಲು, ಇಲ್ಲವೇ ಆ ನಕಲಿನ ನಕಲು.

ಮಧ್ಯಾಹ್ನದ ಕರೆಂಟು ಚೆನ್ನಾಗಿತ್ತು. ಮೂಲ ಕ್ಯಾಸೆಟ್ಟು ಹಾಕಿದರು. ಅದೂ ಓಡಿತು, ಸಿ.ಡಿ.ಯ ಹಾಗೆಯೇ.

ಅಕ್ಕೋರು ಗೋಡೆಗೆ ಒರಗಿ ನಿಂತು ಲೆಕ್ಕ ಹಾಕಿದರು. ಅವತ್ತು ಸಂಜೆ ವೋಲ್ಟೇಜು ಇರಲಿಲ್ಲ, ಬಲ್ಬು ಕೆಂಪಗೆ ಉರಿಯುತ್ತಿತ್ತು. ಕ್ಯಾಸೆಟ್ಟು ಹಾಕಿದ್ದು ಕರೆಂಟಿನ ಮಷಿನ್ನಿಗೆ, ಅದು ತೆವಳಿದೆ. ನಕಲು ತೆಗೆದದ್ದು ಸೆಲ್ಲಿನ ಮಷಿನ್ನಿನಲ್ಲಿ. ನಕಲು ಚೆನ್ನಾಗಿ ಬರಲಿ ಎಂದು ಅದಕ್ಕೆ ಹೊಸ ಸೆಲ್ಲು ಹಾಕಿದ್ದರು, ಅದು ಸರಿಯಾಗಿ ಓಡಿದೆ. ತೆವಳಿದ ಹಾಡು ತೆವಳಿದ ಹಾಗೆಯೇ ಅಚ್ಚಾಗಿದೆ.

"ತಪ್ಪು ನಂದು" ಎಂದರು. "ಅವ್ರು ನಿಧಾನ ಇರ್ಲೇ ಇಲ್ಲೆ."

ಕಂಪೌಂಡರು ಕೊಡೆ ತೆಗೆದುಕೊಂಡರು. ಹತ್ತು ವರ್ಷ ಇಲ್ಲದ ಬ್ಯಾಂಡಿನ ಪರವಾಗಿ ಜಗಳಾಡಿದೆನಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು. ನನಗಾದದ್ದು ಸಂಕಟವಲ್ಲ, ಸಿಟ್ಟು. ನನ್ನ ಉಳಿದ ಆ ಆರೇಳು ಸಾಲು ಕಣ್ಣ ಮುಂದೆ ಬಂತು.

"ಎರಡು ಸಲ ನಪಾಸಾದೆ ಅಕ್ಕೋರೇ. ನಿಂಗ ಹೇಳಿದ್ರಿ ಹೇಳಿ ನಿಧಾನ ಹೋದೆ. ನನ್ನ ಕೆಲಸ ಹೋಪ ಹಂಗೆ ಆಯ್ದು."

ಅವರು ಸಮಜಾಯಿಷಿ ಹೇಳುತ್ತಾರೆ, ನಾನು ಇನ್ನೂ ಕೂಗಾಡಬಹುದು ಎಂದುಕೊಂಡಿದ್ದೆ. "ಹೌದು, ಆಯ್ದು" ಎಂದಷ್ಟೇ ಹೇಳಿದರು. ಮೆಟ್ಟಿಲಿಳಿಯುವಾಗ ಬೇಕೆಂದೇ ಬಾಗಿಲು ಬಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಗಲೇ ಬಸ್‌ಸ್ಟ್ಯಾಂಡಿನ ಮುಂದೆ ಕಂಪ್ಯೂಟರ್ ಸೆಂಟರ್ ಒಂದು ತೆರೆದಿತ್ತು. ಅಕ್ಕೋರು ಮಷಿನ್ನು ಮಾರುತ್ತಾರಂತೆ ಎಂದು ಊರಿನವರು ತಾವೇ ಹೇಳಿ ತಾವೇ ನಂಬಿದರು. ನಾನೂ ನಂಬಿದೆ. ತಮ್ಮ ಮಾತೇ ಸುಳ್ಳಾದ ಮೇಲೆ ಇನ್ಯಾವ ಮುಖ ಇಟ್ಟುಕೊಂಡು ಕಲಿಸುತ್ತಾರೆ ಎಂದು ಒಳಗೊಳಗೇ ಅಂದುಕೊಂಡದ್ದೂ ಹೌದು.

ಒಂದು ಬೆಳಿಗ್ಗೆ ಕಂಡಕ್ಟರು ಆಫೀಸಿಗೇ ಬಂದ. "ಅಕ್ಕೋರು ಕರದಾರ್ರಿ. ಸಿಟ್ಟ ಇದ್ರ ಸಿಟ್ಟ ತಗೊಂಡ ಬಾ ಅಂದಾರ, ಒಟ್ಟ ಬರ್ರಿ."

ಸಂಜೆ ಹೋದೆ. ಅಕ್ಕೋರು ಮೂರನೇ ಮಷಿನ್ನಿನ ಮುಂದೆ ಕೂತಿದ್ದರು. ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು. ಕಂಡಕ್ಟರು ಅಲ್ಲೇ ಬಿಟ್ಟುಹೋಗಿದ್ದ ಸಿ.ಡಿ. ಹಾಕು ಎಂದು ಸನ್ನೆ ಮಾಡಿ, ತಮ್ಮ ಕೈಗಳ ಮೇಲೆ ತಾವೇ ಟವೆಲು ಎಳೆದುಕೊಂಡರು. ಆ ತೆಳು ದನಿಯ ಹುಡುಗ ಓಡಿದ, ಅಕ್ಕೋರು ಅವನ ಜೊತೆ ಓಡಿದರು. ಏಟಿಗೊಂದು ಅಕ್ಷರ. ಸಾಲಿನ ಕೊನೆಯ ಗಂಟೆ ಟಿಂಗ್ ಎನ್ನುವುದು, ಕ್ಯಾರೇಜು ಸರಕ್ಕೆಂದು ಹಿಂದೆ ಬರುವುದು, ಒಂದೂ ತಾಳ ತಪ್ಪಲಿಲ್ಲ. ಹಾಡು ಮುಗಿದಾಗ ಹಾಳೆ ಎಳೆದು ನನ್ನ ಕೈಗೆ ಕೊಟ್ಟರು. ಕೆಂಪು ಪೆನ್ಸಿಲನ್ನೂ ಕೊಟ್ಟರು. ಸುತ್ತು ಹಾಕಲು ನನಗೆ ಒಂದು ಜಾಗವೂ ಸಿಗಲಿಲ್ಲ.

"ಐವತ್ತು ದಾಟಿದವಳು ಆನು. ಹೊಡೆದ್ನ ಇಲ್ಲೆಯ?"

"ಹೊಡೆದ್ರಿ."

"ಹಂಗಾರೆ ನಿಂಗೆಂತ ಧಾಡಿ? ಕೂತ್ಕ."

ಕ್ಷಮಿಸು ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳು ದಿನವೂ ಆ ಹುಡುಗನ ಬೆನ್ನು ಹತ್ತಿ ಓಡಿದೆ. ಬೆರಳಿನ ತುದಿ ಬೆಂದ ಹಾಗಾಗುತ್ತಿತ್ತು. ಹತ್ತು ವರ್ಷದ ನಿಧಾನವನ್ನು ಬಿಡುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಮೂರನೇ ಸಲ ಪರೀಕ್ಷೆಯಲ್ಲಿ ಗಂಟೆ ಬಾರಿಸುವುದಕ್ಕೆ ಮೊದಲೇ ನನ್ನ ಹಾಳೆ ಮುಗಿದಿತ್ತು. ನೌಕರಿ ಉಳಿಯಿತು, ಮುಂದೆ ಕಾಯಂ ಆಯಿತು. ಇವತ್ತು ನಾನು ಉಣ್ಣುವ ಅನ್ನ ಅದೇ.

ಕಂಪೌಂಡರು ಮೂರು ತಿಂಗಳು ಮುನಿಸಿಕೊಂಡಿದ್ದು ನಾಲ್ಕನೆಯ ತಿಂಗಳು ತಾವೇ ಬಂದರು. ಬಂದವರು ಹೊಸ ವಾದ ತಂದಿದ್ದರು: ನಿಧಾನದ ನಕಲೇ ಒಳ್ಳೆಯದು, ಬ್ಯಾಂಡಿನವರೇ ತಪ್ಪು ವೇಗದಲ್ಲಿ ಹಾಡಿದ್ದಾರೆ! ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೆ ಜಗಳ ಶುರುವಾಯಿತು.

"ಹಂಗಾರೆ ಅವ್ರು ಇಷ್ಟು ವರ್ಷ ಎಂತಕ್ಕೆ ಉಳದ, ಹೇಳಿ ನೋಡ್ವ" ಎಂದು ಕಂಪೌಂಡರು ಕೆಣಕಿದರು.

"ನಂಗೆ ಗೊತ್ತಿಲ್ಲೆ" ಎಂದರು ಅಕ್ಕೋರು. "ಗೊತ್ತಿದ್ದು ಹೇಳಿ ಹತ್ತು ವರ್ಷ ಮಾತಾಡಿ ಸಾಕಾಯ್ದು."

ಇನ್‌ಸ್ಟಿಟ್ಯೂಟನ್ನು ಅವರು ಮುಚ್ಚಲಿಲ್ಲ. ಕಂಪ್ಯೂಟರ್ ಸೆಂಟರಿನವನು ಒಂದು ದಿನ ಬಂದು, ನಮ್ಮಲ್ಲಿಗೇ ಬನ್ನಿ, ಮಷಿನ್ನುಗಳನ್ನು ಗುಜರಿಗೆ ಹಾಕಿಸೋಣ ಎಂದಾಗ, "ನಿಮ್ಮಲ್ಲಿ ಕರೆಂಟು ಹೋದ ದಿನ ಎಲ್ಲರ್ನೂ ಇಲ್ಲಿಗೆ ಕಳ್ಸಿ, ಖಾಲಿ ಕೂರಿಸ್ಬೇಡಿ" ಎಂದರು. ಅವನು ನಿಜಕ್ಕೂ ಕಳಿಸುತ್ತಿದ್ದ. ಒಂಬತ್ತು ಮಷಿನ್ನು ಆರಾದವು, ಆರು ಮೂರಾದವು. ಕೊನೆಯ ವರ್ಷ ಇಬ್ಬರೇ ಕಲಿಯುತ್ತಿದ್ದರು. ಇಬ್ಬರಿಗೂ ಟವೆಲು ಬೀಳುತ್ತಿತ್ತು, ಇಬ್ಬರಿಗೂ ಹಾಡು ಹಾಕುತ್ತಿದ್ದರು.

ಮೂರು ತಿಂಗಳ ಹಿಂದೆ, ಹದಿನೈದು ದಿನದ ಜ್ವರದಲ್ಲಿ ಹೋದರು. ಅವರ ಅಣ್ಣ ಮುಂಬಯಿಯಿಂದ ಬಂದು ಕೋಣೆ ಖಾಲಿ ಮಾಡುವಾಗ ನಮ್ಮ ಮೂವರನ್ನೂ ಕರೆದಿದ್ದರು. ತಗಡಿನ ಪೆಟ್ಟಿಗೆಯಲ್ಲಿ ಮೂಲ ಕ್ಯಾಸೆಟ್ಟಿನ ಕೆಳಗೆ ದಾರ ಕಟ್ಟಿದ ಹಾಳೆಗಳ ಒಂದು ಕಟ್ಟು ಸಿಕ್ಕಿತು. ಎಲ್ಲದರ ಮೇಲೂ ತಾರೀಖು ಇತ್ತು. ನಾನು ಬಾಗಿಲು ಬಡಿದು ಹೋದ ಮರುದಿನದಿಂದ ಶುರು.

ಮೊದಲ ಹಾಳೆಯಲ್ಲಿ ಅಕ್ಷರಕ್ಕಿಂತ ಕೆಂಪು ಸುತ್ತೇ ಹೆಚ್ಚು. ಕಲಿಯಲು ಬಂದ ಮೊದಲ ವಾರದ ಹುಡುಗರೂ ಅಷ್ಟು ತಪ್ಪು ಹೊಡೆಯುವುದಿಲ್ಲ. ಕೆಳಗೆ ಅವರದೇ ಅಕ್ಷರ: "ನಪಾಸು. ನಾಳೆ ಮತ್ತೆ." ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಬೆಳಿಗ್ಗೆ ತರಗತಿಗೆ ಮುಂಚೆ ಒಬ್ಬರೇ ಕೂತು ಹೊಡೆದಿರಬೇಕು. ಇಪ್ಪತ್ತೇಳು ಹಾಳೆ, ಇಪ್ಪತ್ತೇಳು ನಪಾಸು. ಇನ್ಯಾವ ಮುಖ ಇಟ್ಟುಕೊಂಡು ಕಲಿಸುತ್ತಾರೆ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದ ತಿಂಗಳದು. ಕಂಪೌಂಡರು ಒಂದೊಂದೇ ಹಾಳೆ ತಿರುಗಿಸುತ್ತ ಹೋದವರು ಕನ್ನಡಕ ತೆಗೆದು ಒರೆಸಿಕೊಂಡರು. ಕಂಡಕ್ಟರು ಏನನ್ನೂ ಚಲೋ ಎನ್ನಲಿಲ್ಲ.

ಅವುಗಳ ಕೆಳಗಿದ್ದ ಇಪ್ಪತ್ತೆಂಟನೆಯ, ಕೊನೆಯ ಹಾಳೆಯನ್ನು ನಾನು ಕೇಳಿ ತೆಗೆದುಕೊಂಡೆ. ಅದು ನನ್ನ ಕೈಗೆ ಕೆಂಪು ಪೆನ್ಸಿಲು ಕೊಟ್ಟ ಸಂಜೆಯದು. ಈಗ ಆಫೀಸಿನಲ್ಲಿ ನನ್ನ ಮೇಜಿನ ಗಾಜಿನಡಿ ಇದೆ.

ಮೊನ್ನೆ ಆಪರೇಟರ್ ಹುಡುಗಿ ಆ ಪ್ರಶ್ನೆ ಕೇಳಿದ ಮೇಲೆ ಊಟ ಮುಗಿಸಿ, ಕೈ ತೊಳೆದು ಬಂದು, ಗಾಜು ಎತ್ತಿ ಆ ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಬುದ್ಧಿವಂತೆ, ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಕೆಳಗಿನ ಕೈಬರಹ ನೋಡಿ ಹುಬ್ಬು ಗಂಟಿಕ್ಕಿದಳು.

"ಒಂದೂ ತಪ್ಪಿಲ್ಲವಲ್ಲ ಸರ್. ಮತ್ತೆ ಯಾಕೆ ಕೆಳಗೆ 'ನಾಳೆ ಮತ್ತೆ' ಅಂತ ಬರೆದಿದ್ದಾರೆ?"

"ನೀನು ಆ ಅಜ್ಜಂದಿರ ಬಗ್ಗೆ ಕೇಳಿದ್ದೂ ಅದನ್ನೇ" ಎಂದೆ. "ಹೊಸ ಹಾಡು ಹಾಕು, ಕೇಳೋಣ. ಸೌಂಡ್ ಸ್ವಲ್ಪ ಜಾಸ್ತಿ ಇಡು."